ಬಾಗಿದ ಗಾಲಿ, ಉದುರಿದ ತೂಕ

ಬೆಂಗಳೂರಿನ ಪುರಭವನದ ಬಳಿಯಿಂದ ಮಿನರ್ವ ವೃತ್ತದ ಕಡೆಗೆ ಹೋಗುವ ಜಯಚಾಮರಾಜೇಂದ್ರ ರಸ್ತೆಯಲ್ಲಿ, ಅಂದರೆ ಊರವರ ಬಾಯಲ್ಲಿ ಜೆ.ಸಿ. ರೋಡಿನಲ್ಲಿ, ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡಲು ಹೋಗುವ ರಸಿಕರೂ, ಕಾರಿಗೆ ಕ್ಲಚ್ ಪ್ಲೇಟು, ಬೇರಿಂಗು, ಸೀಟು ಕವರುಗಳನ್ನು ಅರಸಿಕೊಂಡು ಬರುವ ಗಿರಾಕಿಗಳೂ ಒಂದೇ ಕಾಲುದಾರಿಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ನಡೆಯುವುದನ್ನು ನಾನು ಬಹುಕಾಲದಿಂದ ಕಂಡವನು. ಮೊದಲನೆಯ ವರ್ಗಕ್ಕೆ ಸೇರಿದ್ದ ನಾನು ಎರಡನೆಯದಕ್ಕೂ ಸೇರಿದ್ದು ಕಳೆದ ಆಷಾಢದ ಮಳೆಯಲ್ಲಿ. ಅದರ ಫಲವಾಗಿ ಆ ರಸ್ತೆಯ ಅಡ್ಡಗಲ್ಲಿಯೊಂದರೊಳಗೆ, ಹತ್ತಡಿ ಅಗಲದ ಮಳಿಗೆಯಲ್ಲಿ, ನಾನು ಅದುವರೆಗೆ ಗಮನಿಸದೆ ಇದ್ದ ಒಂದು ಕುಶಲವಿದ್ಯೆಯ ಪರಿಚಯವಾಯಿತು. ಬಾಗಿದ ಅಲಾಯ್ ಗಾಲಿಯನ್ನು ಮರಳಿ ದುಂಡಗೆ ಮಾಡುವುದು, ದುಂಡಗಾದುದನ್ನು ತೂಗಿ ಸಮಗೊಳಿಸುವುದು ಆ ವಿದ್ಯೆಯ ಕಾರ್ಯ.

ತುಮಕೂರಿನಿಂದ ರಾತ್ರಿ ಹಿಂದಿರುಗುತ್ತಿರುವಾಗ, ನೀರು ತುಂಬಿ ರಸ್ತೆಗೆ ಸಮನಾಗಿ ತೋರುತ್ತಿದ್ದ ಗುಂಡಿಯೊಂದಕ್ಕೆ ಕಾರಿನ ಮುಂದಿನ ಎಡಗಾಲಿ ಧುಮುಕಿತು. ಗಾಳಿ ಇಳಿಯಲಿಲ್ಲ, ಟೈರು ಒಡೆಯಲಿಲ್ಲ. ಪಾರಾದೆವೆಂದುಕೊಂಡು ಮನೆ ಸೇರಿದೆವು. ಆದರೆ ಮರುದಿನ ವೇಗವು ಗಂಟೆಗೆ 80 ಕಿಲೋಮೀಟರನ್ನು ಮುಟ್ಟುತ್ತಲೇ ಸ್ಟೀಯರಿಂಗ್ ಚಕ್ರವು ಜ್ವರ ಬಂದವನ ಕೈಯಂತೆ ನಡುಗತೊಡಗಿತು. ಮನೆಯ ಸಮೀಪದ ಒಂದು ಅಂಗಡಿಗೆ ಒಯ್ದಾಗ ಅಲ್ಲಿನ ಹುಡುಗನು ಗಾಲಿಯ ಒಳಮೈಯನ್ನು ನನಗೆ ತೋರಿಸಿದನು. ಕೆಂಪು ಮಣ್ಣಿನ ಲೇಪದ ನಡುವೆ ಹೆಬ್ಬೆರಳಗಲದ ಒಂದು ಆಯತವು ಮಾತ್ರ ಶುಭ್ರವಾಗಿ ಹೊಳೆಯುತ್ತಿತ್ತು. ತೂಕದ ಬಿಲ್ಲೆ ಅಂಟಿಕೊಂಡಿದ್ದ ಜಾಗ ಅದು. ಬಿಲ್ಲೆ ಗುಂಡಿಯ ಪಾಲಾಗಿತ್ತು. ಅವನು ಗಾಲಿಯನ್ನು ಯಂತ್ರಕ್ಕೇರಿಸಿ, ಯಂತ್ರ ಕೇಳಿದಷ್ಟು ತೂಕವನ್ನು, ಒಟ್ಟು 75 ಗ್ರಾಮನ್ನು, ಸಾಲಾಗಿ ಅಂಟಿಸಿ, ಫಲಕದಲ್ಲಿ ಎರಡು ಸೊನ್ನೆಗಳು ಮೂಡಿದ್ದನ್ನು ತೋರಿಸಿ, ಹಣ ಪಡೆದು ಕಳುಹಿಸಿದನು. ಹೆದ್ದಾರಿಗೆ ಬಂದರೆ ನಡುಕ ಹಾಗೆಯೇ ಇತ್ತು.

ಯಂತ್ರವು ಸುಳ್ಳು ಹೇಳಲಿಲ್ಲವೆಂಬುದು ನನಗೆ ಆಮೇಲೆ ತಿಳಿಯಿತು. ಅದನ್ನು ಕೇಳಿದ್ದು ತೂಕದ ಪ್ರಶ್ನೆಯನ್ನು. ಅದು ಕೊಟ್ಟದ್ದು ತೂಕದ ಉತ್ತರವನ್ನು. ಗಾಲಿಯ ಆಕಾರವೇ ಕೆಟ್ಟಿರುವಾಗ ಎಷ್ಟು ಬಿಲ್ಲೆಗಳನ್ನು ಅಂಟಿಸಿದರೂ ಟೈರಿನ ಉಬ್ಬುತಗ್ಗು ಪ್ರತಿ ಸುತ್ತಿನಲ್ಲಿಯೂ ರಸ್ತೆಯನ್ನು ತಟ್ಟುತ್ತಲೇ ಇರುವುದು. ಈ ಒಂದು ಭೇದವನ್ನು ಅರಿಯದೆ, ಅಥವಾ ಅರಿತೂ ಅರಿಯದವರಂತೆ, ಬಾಗಿದ ಗಾಲಿಗೆ ತೂಕ ಬಡಿದು ಕಳುಹಿಸುವ ಅಭ್ಯಾಸವು ಹೆಚ್ಚುತ್ತಿರುವುದರಿಂದಲೇ ಇದನ್ನು ಬರೆಯಬೇಕೆನ್ನಿಸಿತು.

ತೂಕದ ವಿಷಯವೇನೂ ಅಲ್ಪವಲ್ಲ. ನನ್ನ ಗಾಲಿ 15 ಅಂಗುಲದ್ದು; ಟೈರು ಸೇರಿ ಅದರ ಸುತ್ತಳತೆ ಸುಮಾರು 1.95 ಮೀಟರು. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಅದು ಒಂದು ಸೆಕೆಂಡಿಗೆ 14 ಬಾರಿ ಸುತ್ತುವುದು. ಆ ವೇಗದಲ್ಲಿ ರಿಮ್ಮಿನ ಅಂಚಿನ ಕೇವಲ 20 ಗ್ರಾಮಿನ ಕೊರತೆಯು, ಕೇಂದ್ರಾಪಗಾಮಿ ಬಲದ ಮೂಲಕ, ಹೆಚ್ಚುಕಡಮೆ 3 ಕಿಲೋಗ್ರಾಮಿನ ಎಳೆತವಾಗಿ ಪರಿಣಮಿಸುವುದು; ಮೂರು ಕಿಲೋ ಅಕ್ಕಿಯ ಚೀಲವನ್ನು ಅಚ್ಚಿಗೆ ಕಟ್ಟಿ ಒಂದು ಸೆಕೆಂಡಿನಲ್ಲಿ 14 ಸಲ ಮೇಲಕ್ಕೂ ಕೆಳಕ್ಕೂ ಜಗ್ಗಿದಂತೆ. ವೇಗವು ಅರ್ಧಕ್ಕಿಳಿದರೆ ಎಳೆತವು ಕಾಲುಭಾಗಕ್ಕಿಳಿಯುವುದು. ಆದುದರಿಂದಲೇ ಊರೊಳಗೆ ಸಾಧುವಾಗಿದ್ದ ಕಾರು ಹೆದ್ದಾರಿಯಲ್ಲಿ ನಡುಗುವುದು. ಮುಂದಿನ ಗಾಲಿಯ ದೋಷವು ಸ್ಟೀಯರಿಂಗಿನಲ್ಲಿಯೂ ಹಿಂದಿನದರ ದೋಷವು ಆಸನದಲ್ಲಿಯೂ ವ್ಯಕ್ತವಾಗುವುದೆಂಬುದು ಮೆಕ್ಯಾನಿಕರೆಲ್ಲರೂ ಬಲ್ಲ ಲಕ್ಷಣ.

ಗಲ್ಲಿಯ ಮಳಿಗೆಯವರನ್ನು ಅಲ್ಲಿಯ ಹುಡುಗರು ಉಸ್ತಾದರೆಂದು ಕರೆಯುವರು. ನಾನೂ ಹಾಗೆಯೇ ಕರೆಯುತ್ತೇನೆ. ಅರವತ್ತರ ಸಮೀಪದ ವಯಸ್ಸು, ಮೂಗಿನ ತುದಿಗಿಳಿದ ಕನ್ನಡಕ, ಉಗುರುಗಳ ಅಂಚಿನಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು. ಅವರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಟೈರನ್ನು ಕಳಚಿಸಿ, ಬರಿಯ ಗಾಲಿಯನ್ನು ಎಡಗೈಯಲ್ಲಿ ತೂಗುಹಾಕಿದಂತೆ ಹಿಡಿದು, ಮರದ ಸುತ್ತಿಗೆಯಿಂದ ಒಮ್ಮೆ ಹಗುರವಾಗಿ ತಟ್ಟಿದರು. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರು ಬೆರಳ ಗಂಟಿನಿಂದ ತಟ್ಟಿ ಕಿವಿಗೊಡುವುದನ್ನು ನೋಡಿದವರಿಗೆ ಇದರ ಅರ್ಥ ತಾನಾಗಿ ಹೊಳೆಯುವುದು. ನಾದವು ಗಂಟೆಯಂತೆ ಎಳೆದು ನಿಂತಿತು. “ಬಿರುಕಿಲ್ಲ ಅನ್ಸುತ್ತೆ ಸಾರ್, ಆದರೂ ನೋಡಿಬಿಡೋಣ” ಎಂದು ಹೇಳಿ, ಗಾಲಿಯ ಮೈಯನ್ನು ಒರೆಸಿ, ಕೆಂಪು ದ್ರವವೊಂದನ್ನು ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ಅಳಿಸಿ, ಮೇಲೆ ಸುಣ್ಣದಂತಹ ಬಿಳಿಯ ಲೇಪವನ್ನು ಹಾರಿಸಿದರು. ಕಣ್ಣಿಗೆ ಕಾಣದ ಬಿರುಕಿದ್ದರೆ ಅದರೊಳಗೆ ಇಳಿದಿರುವ ಕೆಂಪು ಆ ಬಿಳುಪಿನ ಮೇಲೆ ಕುಂಕುಮದ ಗೆರೆಯಾಗಿ ಮೂಡುವುದು. ನನ್ನ ಗಾಲಿಯಲ್ಲಿ ಗೆರೆ ಮೂಡಲಿಲ್ಲ.

ಬಳಿಕ ಗಾಲಿಯನ್ನು ಕದಿರಿನ ಮೇಲೆ ಕೂರಿಸಿ, ಅದರ ಒಳ ಅಂಚಿಗೆ ಡಯಲ್ ಗೇಜಿನ ಸೂಜಿಯನ್ನು ತಾಗಿಸಿ, ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ಮುಳ್ಳು ಶಾಂತವಾಗಿ ಹೋಗುತ್ತಿದ್ದುದು ಒಂದೆಡೆ ಹಠಾತ್ತಾಗಿ ಮೂರು ಮಿಲಿಮೀಟರಿನಷ್ಟು ಹಾರಿ ಮರಳಿತು. ಅದೇ ಬೆಂಡು. ಸೀಮೆಸುಣ್ಣದಿಂದ ಅಲ್ಲೊಂದು ಗುರುತು ಬಿತ್ತು. ಹೊರಗಿನಿಂದ ನೋಡುವವನಿಗೆ ಇದು ಕಾಣಿಸುವುದೇ ಇಲ್ಲ. ಗುಂಡಿಯ ಪೆಟ್ಟು ಬಹುಮಟ್ಟಿಗೆ ಗಾಲಿಯ ಒಳ ಅಂಚಿಗೇ ಬೀಳುವುದು, ಏಕೆಂದರೆ ಹೊರ ಅಂಚಿಗೆ ಅರೆಗಳ ಆಸರೆಯಿರುವುದು, ಒಳ ಅಂಚು ನಿರಾಶ್ರಿತವಾಗಿ ಚಾಚಿಕೊಂಡಿರುವುದು.

ಇಲ್ಲಿಂದ ಮುಂದಿನ ಕೆಲಸದಲ್ಲಿಯೇ ವಿದ್ಯೆಯ ನಿಜವಾದ ಪರೀಕ್ಷೆ. ನಮ್ಮ ಹಳ್ಳಿಗಳ ಕಮ್ಮಾರನು ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ತೊಡಿಸುವಾಗ ಅದನ್ನು ಕೆಂಡದಲ್ಲಿ ಕಾಯಿಸಿ, ಅದರ ಬಣ್ಣವನ್ನು ನೋಡಿಯೇ ಹದವನ್ನು ತಿಳಿಯುತ್ತಿದ್ದನು. ಅಲ್ಯೂಮಿನಿಯಂ ಅಂತಹ ಸೂಚನೆಯನ್ನು ಕೊಡದ ಲೋಹ. ಕೆಂಪಗಾಗದೆಯೇ, ಮುನ್ಸೂಚನೆಯಿಲ್ಲದೆಯೇ, ಕುಸಿದುಬಿಡುವುದು. ಅಲ್ಲದೆ ಈ ಗಾಲಿಗಳು ಬರಿಯ ಅಲ್ಯೂಮಿನಿಯಮ್ಮಿನವಲ್ಲ. ಸುಮಾರು ಶೇಕಡಾ 7ರಷ್ಟು ಸಿಲಿಕಾನನ್ನೂ ಅತ್ಯಲ್ಪ ಮೆಗ್ನೀಸಿಯಮ್ಮನ್ನೂ ಬೆರೆಸಿ ಎರಕ ಹೊಯ್ದು, 540 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇರಿಸಿ, ನೀರಿನಲ್ಲಿ ತಣಿಸಿ, ಪುನಃ 150ರಿಂದ 160 ಡಿಗ್ರಿಯ ಮೃದುವಾದ ಶಾಖದಲ್ಲಿ ಪಕ್ವಗೊಳಿಸಿದಾಗ ಬರುವ ಬಲ ಅವುಗಳದು. ಮನಸ್ಸಿಗೆ ಬಂದಂತೆ ಗ್ಯಾಸಿನ ಜ್ವಾಲೆ ಹಿಡಿದವನು ಆಕಾರವನ್ನು ಸರಿಪಡಿಸುವ ಭರದಲ್ಲಿ ಆ ಬಲವನ್ನೇ ಕಳೆದುಬಿಡುವನು. ಗಾಲಿ ನೋಡಲು ದುಂಡಗಿರುವುದು, ಮುಂದಿನ ಗುಂಡಿಗೆ ಮೇಣದಂತೆ ಬಾಗುವುದು. ಉಸ್ತಾದರು ಜ್ವಾಲೆಯನ್ನು ಒಂದೆಡೆ ನಿಲ್ಲಗೊಡದೆ ಅತ್ತಿತ್ತ ಆಡಿಸುತ್ತ, ದೂರದಿಂದಲೇ ಶಾಖವನ್ನು ಅಳೆಯುವ ಉಪಕರಣವನ್ನು ಎಡಗೈಯಲ್ಲಿ ಹಿಡಿದು, ಅಂಕಿ 150ನ್ನು ತಲಪಿದ ಕೂಡಲೇ ಗ್ಯಾಸನ್ನು ಆರಿಸಿದರು. ಅನಂತರ ಹೈಡ್ರಾಲಿಕ್ ಜಾಕಿನ ತುದಿಗೆ ರಿಮ್ಮಿನ ವಕ್ರತೆಗೆ ಹೊಂದುವ ಹಿತ್ತಾಳೆಯ ಗುಟ್ಟವನ್ನಿಟ್ಟು, ಒಂದೊಂದು ಬಾರಿಗೆ ಕೂದಲೆಳೆಯಷ್ಟು ಒತ್ತುತ್ತ, ಒತ್ತಿದಾಗಲೆಲ್ಲ ಬಿಟ್ಟು ಅಳೆಯುತ್ತ ಹೋದರು. ಲೋಹವು ಒತ್ತಡ ಬಿಟ್ಟೊಡನೆ ಸ್ವಲ್ಪ ಹಿಂದಕ್ಕೆ ಸರಿಯುವುದು. ಆ ಸರಿತವನ್ನು ಮೊದಲೇ ಎಣಿಸಿ ಅಷ್ಟು ಹೆಚ್ಚಾಗಿ ಒತ್ತಬೇಕು, ಅದಕ್ಕಿಂತ ಹೆಚ್ಚಾದರೆ ಬಿರುಕು. ಕಛೇರಿಗೆ ಮುನ್ನ ಮೃದಂಗದ ಅಂಚನ್ನು ತಟ್ಟಿ ತಟ್ಟಿ ಶ್ರುತಿಗೆ ತರುವ ವಿದ್ವಾಂಸರ ಮುಖದಲ್ಲಿ ಕಾಣುವ ಏಕಾಗ್ರತೆಯನ್ನು ನಾನು ಅಂದು ಆ ಮುಖದಲ್ಲಿ ಕಂಡೆನು. ಒಂದೂವರೆ ಗಂಟೆಯ ತರುವಾಯ ಮುಳ್ಳಿನ ಹಾರಾಟವು ಅರ್ಧ ಮಿಲಿಮೀಟರಿಗಿಂತ ಕಡಮೆಗೆ ಬಂದಿತ್ತು.

ಎರಕದ ಅಲ್ಯೂಮಿನಿಯಂ ಗಾಲಿಗಳನ್ನು 1924ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಗ್ರಾಂಡ್ ಪ್ರಿ ಓಟಕ್ಕೆ ತನ್ನ ಟೈಪ್ 35 ಕಾರಿನೊಡನೆ ತಂದವನು ಎತ್ತೋರೆ ಬುಗಾಟಿ. ಅಂದು ಪಂದ್ಯದ ಕಾರಿನ ವೈಭವವಾಗಿದ್ದುದು ಇಂದು ನಮ್ಮ ಮಧ್ಯಮವರ್ಗದ ಮನೆಗಳ ಮುಂದೆ ನಿಂತಿರುವುದು. ತಯಾರಕರು ಗಾಲಿಯನ್ನು 13 ಡಿಗ್ರಿ ಓರೆಯಾಗಿ ನಿಲ್ಲಿಸಿ, ಅದರ ಅಂಚಿನ ಮೇಲೆ ಭಾರವಾದ ಲೋಹದ ದಿಮ್ಮಿಯನ್ನು ಬೀಳಿಸಿ ಪರೀಕ್ಷಿಸುವರು. ಆ ಪರೀಕ್ಷೆಯಲ್ಲಿ ಗೆದ್ದುದನ್ನು ನಾವು ಒಮ್ಮೆ ಕಾಯಿಸಿ ಬಾಗಿಸಿದ ಮೇಲೆ ಪುನಃ ಪರೀಕ್ಷಿಸುವವರಾರೂ ಇಲ್ಲವೆಂಬುದನ್ನು ಮರೆಯಲಾಗದು. ಆದುದರಿಂದ ಈ ಕಸುಬಿನಲ್ಲಿ, ಮಾಡಬಲ್ಲೆನೆಂಬ ಮಾತಿಗಿಂತ ಮಾಡಲಾರೆನೆಂಬ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಅದನ್ನೂ ಅಂದೇ ಕೇಳಿದೆನು. ನಾನಿರುವಾಗಲೇ ಒಬ್ಬ ಯುವಕನು ತನ್ನ ಗಾಲಿಯೊಂದನ್ನು ತಂದಿದ್ದನು. ನಟ್ಟು ಕೂರುವ ರಂಧ್ರದಿಂದ ಹೊರಟ ಬಿರುಕೊಂದು ಅರೆಯ ಬುಡದವರೆಗೆ ಹರಿದಿತ್ತು. ಆರ್ಗಾನ್ ವೆಲ್ಡಿಂಗ್ ಮಾಡಿಕೊಡಿರೆಂದು ಅವನು ಬೇಡಿದನು, ಎಷ್ಟಾದರೂ ಕೊಡುವೆನೆಂದನು. ಉಸ್ತಾದರು ಗಾಲಿಯನ್ನು ಅವನ ಕೈಗೆ ಮರಳಿ ಕೊಟ್ಟು, “ಬೇಡಪ್ಪ, ಇದು ಗುಜರಿಗೆ. ಅಂಚಲ್ಲಿ ಸಣ್ಣದಿದ್ರೆ ನೋಡಬಹುದಿತ್ತು. ಅರೆಗೆ, ನಟ್ಟಿನ ಹತ್ತಿರಕ್ಕೆ ನಾನು ಕೈ ಹಾಕಲ್ಲ. ಮನೇಲಿ ಮಕ್ಕಳು ಕೂರ್ತಾರೆ ಈ ಗಾಡೀಲಿ” ಎಂದರು. ಯುವಕನು ಮುಖ ಸಣ್ಣಗೆ ಮಾಡಿಕೊಂಡು ಹೋದನು. ಅಂದಿನ ಸಂಪಾದನೆಯಲ್ಲಿ ಅಷ್ಟು ಕಡಮೆಯಾಯಿತು. ಉಸ್ತಾದರು ಅದರ ಪ್ರಸ್ತಾಪವನ್ನೇ ಮಾಡಲಿಲ್ಲ.

ಇನ್ನುಳಿದದ್ದು ತೂಕ. ಟೈರನ್ನು ಏರಿಸುವ ಮೊದಲು ಅದರ ಪಕ್ಕೆಗಳನ್ನು ಒಳಗೂ ಹೊರಗೂ ತಡವಿ ನೋಡಿದರು. ಗುಂಡಿಯ ಪೆಟ್ಟಿಗೆ ಒಳಗಿನ ನೂಲೆಳೆಗಳು ತುಂಡಾಗಿದ್ದರೆ ಪಕ್ಕೆಯಲ್ಲಿ ಬಾವಿನಂತೆ ಉಬ್ಬು ಏಳುವುದು, ಅಂತಹ ಟೈರಿಗೆ ಚಿಕಿತ್ಸೆಯಿಲ್ಲ. ಹೊಸ ಟೈರುಗಳ ಮೇಲಿರುವ ಹಳದಿ ಚುಕ್ಕೆಯು ಟೈರಿನ ಹಗುರವಾದ ಭಾಗದ ಗುರುತೆಂದೂ ಅದನ್ನು ವಾಲ್ವಿನ ನೇರಕ್ಕೆ ತಂದರೆ ಬಿಲ್ಲೆಗಳು ಕಡಮೆ ಸಾಕೆಂದೂ ಹುಡುಗನಿಗೆ ಹೇಳಿಕೊಡುತ್ತ, ಹಳೆಯ ಬಿಲ್ಲೆಗಳೆಲ್ಲವನ್ನೂ ಕಿತ್ತು, ಗಾಲಿಯೊಳಗೆ ಮೆತ್ತಿ ಒಣಗಿದ್ದ ಮಣ್ಣನ್ನು ಕೆರೆದು ತೆಗೆಸಿದರು. ಆ ಮಣ್ಣೂ ತೂಕವೇ. ಮಲೆನಾಡಿನ ಮಳೆಯಲ್ಲಿ ಸುತ್ತಿ ಬಂದ ಕಾರುಗಳು ಎಷ್ಟೋ ವೇಳೆ ಬರಿಯ ತೊಳೆತದಿಂದಲೇ ಗುಣವಾಗುವುವಂತೆ. ಯಂತ್ರವು ಗಾಲಿಯನ್ನು ತಿರುಗಿಸಿ ಒಳಬದಿಗೆ 15, ಹೊರಬದಿಗೆ 10 ಗ್ರಾಂ ಕೇಳಿತು. ಒಂದೇ ಬದಿಯನ್ನು ತೂಗಿದರೆ ಗಾಲಿಯು ನೆಗೆಯುವುದು ನಿಂತೀತು, ತೊನೆಯುವುದು ನಿಲ್ಲದು; ಆದುದರಿಂದ ಎರಡು ಬದಿಗಳ ಲೆಕ್ಕವೂ ಬೇಕು. ಹಿಂದೆ 75 ಗ್ರಾಂ ಹೊತ್ತಿದ್ದ ಗಾಲಿಗೆ ಈಗ ಸಾಕಾದದ್ದು 25.

ಬಿಲ್ಲೆಗಳು ಬಹುಕಾಲ ಸೀಸದವಾಗಿದ್ದುವು. ಸೀಸವು ಭಾರವಾದದ್ದು, ಮೆದುವಾದದ್ದು, ಆದರೆ ವಿಷ. ಉದುರಿದ ಬಿಲ್ಲೆ ಚಕ್ರಗಳಡಿ ಅರೆದು ಪುಡಿಯಾಗಿ ರಸ್ತೆಯ ಧೂಳಿನಲ್ಲಿ ಸೇರುವುದು. ಯೂರೋಪಿನ ಒಕ್ಕೂಟವು 2005ರಲ್ಲಿ ಅದನ್ನು ಕಾರುಗಳಿಂದ ನಿವಾರಿಸಿತು, ಕ್ಯಾಲಿಫೋರ್ನಿಯಾ 2010ರಲ್ಲಿ. ಉಸ್ತಾದರ ಡಬ್ಬಿಯಲ್ಲಿರುವುವು ಉಕ್ಕಿನವು, ಐದೈದು ಗ್ರಾಮಿನ ಚೌಕಗಳು. ಅಂಟಿಸುವ ಜಾಗವನ್ನು ಸ್ಪಿರಿಟಿನಿಂದ ಒರೆಸಿ ಒಣಗಿಸಿ, ಹೆಬ್ಬೆರಳಿನಿಂದ ಬಲವಾಗಿ ಒತ್ತಿ, ಎರಡು ದಿನ ಆ ಗಾಲಿಗೆ ಜೋರಾದ ನೀರಿನ ಪೈಪು ಹಿಡಿಯಬೇಡಿರೆಂದು ಎಚ್ಚರಿಸಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ನೂರು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಿರೆಂದು ಹೇಳಿ ಕಳುಹಿಸಿದರು.

ಆ ಬಳಿಕ ತುಮಕೂರಿಗೆ ನಾಲ್ಕು ಬಾರಿ ಹೋಗಿ ಬಂದಿದ್ದೇನೆ, ಸ್ಟೀಯರಿಂಗ್ ನಡುಗಿಲ್ಲ. ಓದುಗರ ಕಾರೂ ಗುಂಡಿಗಿಳಿದು ನಡುಗತೊಡಗಿದರೆ, ಯಾವ ಅಂಗಡಿಗೆ ಹೋದರೂ, ಬಿಲ್ಲೆ ಅಂಟಿಸಗೊಡುವ ಮೊದಲು ಟೈರು ಕಳಚಿದ ಗಾಲಿಯನ್ನು ಒಂದು ಸುತ್ತು ತಿರುಗಿಸಿ ತೋರಿಸಿರೆಂದು ಕೇಳಿರಿ.