ಮೂಳೆಯ ಚೂರೊಂದು ಸಾಕ್ಷಿ ಹೇಳಿತು!

ನುಣ್ಣಗೆ ಅರೆದ 10 ಗ್ರಾಂ ಪಶು ಆಹಾರವನ್ನು ಟೆಟ್ರಾಕ್ಲೋರೋಎಥಿಲೀನ್‌ಗೆ ಸುರಿದು ಕಲಕಿ, ಸುಮ್ಮನೆ ಬಿಡಿ. ನೀರಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಸಾಂದ್ರವಾದ ದ್ರವ ಅದು. ಜೋಳ, ತೌಡು, ಸೋಯಾ ಹಿಂಡಿ ಎಲ್ಲವೂ ಮೇಲಕ್ಕೆದ್ದು ತೇಲುತ್ತವೆ! ತಳಕ್ಕಿಳಿಯುವುದು ಚಿಟಿಕೆ ಗಸಿ ಮಾತ್ರ. ಮರಳು, ಖನಿಜದ ಹರಳು, ಮತ್ತೆ, ಯಾರಾದರೂ ಬೆರೆಸಿದ್ದರೆ, ಮೂಳೆ. ಅಲಿಝರಿನ್ ಬಣ್ಣ ತಾಗಿಸಿದರೆ ಆ ಮೂಳೆಚೂರುಗಳು ಕೆಂಪೇರುತ್ತವೆ.

ಈಗ ಸೂಕ್ಷ್ಮದರ್ಶಕದಲ್ಲಿ ಇಣುಕಬೇಕು. ಚೂರಿನ ಮೈತುಂಬ ಪುಟ್ಟಪುಟ್ಟ ಗೂಡುಗಳು! ಒಂದು ಕಾಲಕ್ಕೆ ಜೀವಂತ ಕೋಶಗಳು ವಾಸವಿದ್ದ ಗೂಡುಗಳವು. ನೆಲದ ಪ್ರಾಣಿಯದಾದರೆ ಮೊಟ್ಟೆಯಾಕಾರ, ಒಳಗೆ ಗಾಳಿ ಸಿಕ್ಕಿಕೊಂಡು ಕಪ್ಪು. ಮೀನಿನದಾದರೆ ಸಾಮಾನ್ಯವಾಗಿ ಕದಿರಿನಂತೆ ಉದ್ದುದ್ದ. 133 ಡಿಗ್ರಿ ಸೆಲ್ಸಿಯಸ್, 3 ಬಾರ್ ಒತ್ತಡ, 20 ನಿಮಿಷ: ಸತ್ತ ಪ್ರಾಣಿಗಳ ಉಳಿಕೆಯನ್ನು ಹೀಗೆ ಬೇಯಿಸಿ, ಹಿಟ್ಟು ಮಾಡಿದ ಮೇಲೂ ಆ ಗೂಡು ಅಳಿದಿರುವುದಿಲ್ಲ. ಇದನ್ನು ನಂಬುವುದು ಹೇಗೆ!

ಇಷ್ಟೊಂದು ಹುಡುಕಾಟ ಯಾಕೆಂದರೆ, ಬ್ರಿಟನ್ನಿನಲ್ಲಿ ದನಗಳಿಗೆ ದನದ್ದೇ ಮಾಂಸ-ಮೂಳೆ ಹಿಟ್ಟು ತಿನ್ನಿಸಿದ್ದರು. 1986ರಲ್ಲಿ ಅಲ್ಲಿ ಹುಚ್ಚು ಹಸು ರೋಗ ಪತ್ತೆಯಾಯಿತು. ಮುಂದೆ 1,80,000ಕ್ಕೂ ಹೆಚ್ಚು ದನಗಳಲ್ಲಿ ದೃಢಪಟ್ಟಿತು. 1988ರಲ್ಲಿ ಬ್ರಿಟನ್, 2001ರಲ್ಲಿ ಇನ್ನೂ ಬಿಗಿಯಾಗಿ ಯುರೋಪ್, ರೋಗ ಹರಡಿದ ಇಂಥ ಆಹಾರಕ್ಕೆ ನಿಷೇಧ ಹೇರಿದವು. ರೋಗದ ದನದ ಮಿದುಳು ಒಂದೇ ಒಂದು ಮಿಲಿಗ್ರಾಂ ಹೊಟ್ಟೆ ಸೇರಿದರೂ ಇನ್ನೊಂದು ಹಸುವಿಗೆ ರೋಗ ಅಂಟಬಹುದೆಂದು ಪ್ರಯೋಗಗಳು ತೋರಿಸಿವೆ. ನನ್ನನ್ನು ದಂಗುಬಡಿಸಿದ ಸಂಗತಿ ಬೇರೆಯೇ: ಪಶು ಆಹಾರದ ಈ ಪರೀಕ್ಷೆ ರೋಗ ತರುವ ಪ್ರಿಯಾನ್ ಅನ್ನು ಹುಡುಕುವುದೇ ಇಲ್ಲ! ಅದು ಬಂದಿರಬಹುದಾದ ದಾರಿಯನ್ನಷ್ಟೇ ಹುಡುಕುತ್ತದೆ.

ಗೂಡಿನ ಆಕಾರ ನೋಡಿ ಹಂದಿಯೋ ಹಸುವೋ ಹೇಳಲಾಗದು. ಅದಕ್ಕೇ 2013ರಲ್ಲಿ ಯುರೋಪಿನ ಅಧಿಕೃತ ವಿಧಾನಕ್ಕೆ ಪಿಸಿಆರ್ ಸೇರಿತು. ಮೆಲುಕು ಹಾಕುವ ಪ್ರಾಣಿಗಳ ಡಿಎನ್‌ಎ ತುಣುಕನ್ನು ಕೋಟಿಗಟ್ಟಲೆ ಪ್ರತಿ ಮಾಡಿ ಹಿಡಿಯುವ ಜಾಣತನ ಅದರದು. ಆದರೆ ನೋಡಿ ತಮಾಷೆ! ಆಹಾರಕ್ಕೆ ಹಾಲಿನ ಪುಡಿ ಬೆರೆಸಲು ಅನುಮತಿ ಇದೆ. ಹಾಲಿನಲ್ಲೂ ಹಸುವಿನ ಕೋಶಗಳಿವೆ, ಡಿಎನ್‌ಎ ಇದೆ. ಪಿಸಿಆರ್ ‘ಹಸು’ ಎಂದು ಕೂಗುತ್ತದೆ, ಕೆಚ್ಚಲಿನದೋ ಮೂಳೆಯದೋ ಎಂದರೆ ಬಾಯಿ ಬಿಡದು. ಅಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಪ್ರೋಟೀನನ್ನು ಕತ್ತರಿಸಿ ತುಂಡುಗಳ ತೂಕ ನೋಡಿದಾಗ, ಕೇಸೀನ್ ಸಿಕ್ಕರೆ ಹಾಲು, ಹಿಮೋಗ್ಲೋಬಿನ್ ಸಿಕ್ಕರೆ ರಕ್ತ. ಬೆಲ್ಜಿಯಂನ ಜಾಂಬ್ಲೂನಲ್ಲಿರುವ ಯುರೋಪಿನ ಉಲ್ಲೇಖ ಪ್ರಯೋಗಾಲಯದವರು ಈ ದಾರಿಯನ್ನೂ ಹಿಡಿದಿದ್ದಾರೆ.