ಹಳೆಯ ಕಾರುಗಳ ಇಗ್ನಿಷನ್ ಸ್ವಿಚ್ ದೋಷ: ಪರೀಕ್ಷೆ ಮತ್ತು ದುರಸ್ತಿ

ಖಾಸಗಿ ಕಾರಿನ ನೋಂದಣಿಯು 15 ವರ್ಷಗಳವರೆಗೆ ಊರ್ಜಿತದಲ್ಲಿರುತ್ತದೆ. ನಂತರದ 5 ವರ್ಷಗಳ ನವೀಕರಣಕ್ಕೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸತಕ್ಕದ್ದು. ಅದಕ್ಕೂ ಮುನ್ನ ಇಗ್ನಿಷನ್ ಸ್ವಿಚ್ಚನ್ನು ಪರೀಕ್ಷಿಸಿಕೊಳ್ಳುವುದು ಸೂಕ್ತ. ಸವೆದ ಸ್ವಿಚ್ ಚಾಲನೆಯಲ್ಲಿ ಸಂಪರ್ಕ ಕಳೆದುಕೊಂಡಲ್ಲಿ ಎಂಜಿನ್ ನಿಲ್ಲುತ್ತದೆ. ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ. ಬ್ರೇಕ್ ಒತ್ತಲು ಹೆಚ್ಚಿನ ಬಲ ಬೇಕಾಗುತ್ತದೆ.

ಲಕ್ಷಣಗಳು:
ಕೀಲಿ ತಿರುಗಿಸಿದರೂ ಡ್ಯಾಶ್‌ಬೋರ್ಡ್ ದೀಪಗಳು ಬೆಳಗದಿರುವುದು; ಕೀಲಿ ಅಲುಗಿದಾಗ ದೀಪಗಳು ಆರುವುದು; ಎಂಜಿನ್ ಹಠಾತ್ತನೆ ನಿಲ್ಲುವುದು.

ಪರೀಕ್ಷಾ ವಿಧಾನ:
1. ಫ್ಯೂಸ್ ಹಾಗೂ ಬ್ಯಾಟರಿ ಟರ್ಮಿನಲ್‌ಗಳನ್ನು ಮೊದಲು ಪರಿಶೀಲಿಸುವುದು. ಎಂಜಿನ್ ನಿಂತಿರುವಾಗ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು.
2. ಗೇರನ್ನು ನ್ಯೂಟ್ರಲ್‌ನಲ್ಲಿರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಮಲ್ಟಿಮೀಟರ್‌ನಿಂದ ಅಳೆಯುವುದು. ಸ್ವಿಚ್ಚಿಗೆ ಬರುವ ತಂತಿಯಲ್ಲಿ ವಿದ್ಯುತ್ ಇದ್ದು, ಆನ್ ಅಥವಾ ಸ್ಟಾರ್ಟ್ ಸ್ಥಾನದಲ್ಲಿ ಹೊರಹೋಗುವ ತಂತಿಯಲ್ಲಿ ಇಲ್ಲದಿದ್ದಲ್ಲಿ ದೋಷವು ಸ್ವಿಚ್ಚಿನದೇ.
3. ಎರಡರಲ್ಲಿಯೂ ವಿದ್ಯುತ್ ಇದ್ದಲ್ಲಿ ಸ್ಟಾರ್ಟರ್ ರಿಲೇ, ಸ್ಟಾರ್ಟರ್ ಮೋಟಾರ್ ಹಾಗೂ ವೈರಿಂಗ್ ಪರೀಕ್ಷಿಸುವುದು.

ದುರಸ್ತಿ:
ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿದ ನಂತರವೇ ಕೆಲಸ ಆರಂಭಿಸತಕ್ಕದ್ದು. ಅನೇಕ ಮಾದರಿಗಳಲ್ಲಿ ಬೀಗದ ಭಾಗ ಮತ್ತು ವಿದ್ಯುತ್ ಸ್ವಿಚ್ ಪ್ರತ್ಯೇಕವಾಗಿರುವುದರಿಂದ ಸ್ವಿಚ್ಚನ್ನಷ್ಟೇ ಬದಲಾಯಿಸಬಹುದು. ಹಳೆಯ ಕೀಲಿಯೇ ಮುಂದುವರಿಯುತ್ತದೆ. ಏರ್‌ಬ್ಯಾಗ್ ಇರುವ ಕಾರುಗಳನ್ನು ನುರಿತ ಮೆಕ್ಯಾನಿಕ್‌ಗೆ ಒಪ್ಪಿಸುವುದು.

ಸೂಚನೆ: ಸ್ವಿಚ್ ಬಿಟ್ಟು ತಂತಿಗಳನ್ನು ನೇರವಾಗಿ ಜೋಡಿಸಿ ವಾಹನ ಚಲಾಯಿಸಬಾರದು. ಇದರಿಂದ ಬೆಂಕಿ ಅನಾಹುತ ಮತ್ತು ಕಳವಿಗೆ ಆಸ್ಪದವಾಗುತ್ತದೆ. ಕೀಲಿಗೆ ಭಾರವಾದ ಗೊಂಚಲು ತೂಗುಹಾಕಬಾರದು.