ಮಗಳ ಸೈಕಲ್ ಮೂಲೆ ಸೇರದಿರಲಿ

ಹತ್ತನೆಯ ತರಗತಿ ಪರೀಕ್ಷೆ ಮುಗಿಯುತ್ತಿದ್ದಂತೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಒಂದು ಸಂಗತಿ ಸದ್ದಿಲ್ಲದೆ ನಡೆದುಹೋಗುತ್ತದೆ. ಮಗಳ ಸೈಕಲ್ ತಮ್ಮನ ಪಾಲಾಗುತ್ತದೆ. ಇಲ್ಲವೇ ಡೇರಿಗೆ ಹಾಲಿನ ಕ್ಯಾನು ಒಯ್ಯುವ ಗಾಡಿಯಾಗುತ್ತದೆ. ಅದೂ ಇಲ್ಲದಿದ್ದರೆ ದನದ ಕೊಟ್ಟಿಗೆಯ ಗೋಡೆಗೆ ಒರಗಿ ತುಕ್ಕು ಹಿಡಿಯುತ್ತದೆ. "ದೊಡ್ಡಾಕಿ ಆಗ್ಯಾಳ, ಇನ್ನ ಸೈಕಲ್ ಯಾಕ ಬೇಕ?" ಎಂದು ಅಜ್ಜಿ ಕೇಳುತ್ತಾಳೆ. ಅವ್ವ ಹೂಂ ಅನ್ನುತ್ತಾಳೆ. ಅಲ್ಲಿಗೆ ಮುಗಿಯಿತು!

ನೀವೂ ಹೀಗೆ ಹೂಂ ಅಂದವರೇ? ಹಾಗಾದರೆ ಇವತ್ತು ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ, ಕೇಳಿ. ಆಕೆ ನಮ್ಮ ಕುಡಚಿಯವಳಲ್ಲ, ಚಿಂಚಲಿಯವಳೂ ಅಲ್ಲ. ದೂರದ ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಒಟ್ಲಿ ಎಂಬ ಸಣ್ಣ ಊರಿನವಳು. ಹೆಸರು ಲಿಜ್ಜಿ ಡೇಗ್ನನ್. ತವರಿನ ಹೆಸರು ಲಿಜ್ಜಿ ಆರ್ಮಿಟ್‌ಸ್ಟೆಡ್. ಹುಟ್ಟಿದ್ದು 1988ರ ಡಿಸೆಂಬರ್‌ನಲ್ಲಿ.

ಈಕೆ ಹುಟ್ಟಾ ಸೈಕಲ್ ಪಟುವೇನಲ್ಲ. 2004ರಲ್ಲಿ ಬ್ರಿಟನ್ನಿನ ಸೈಕ್ಲಿಂಗ್ ಸಂಸ್ಥೆಯವರು ಪ್ರತಿಭೆ ಹುಡುಕಿಕೊಂಡು ಆಕೆಯ ಶಾಲೆಗೆ ಬಂದರು. ಆಗ ಲಿಜ್ಜಿಗೆ ಹದಿನೈದು ವರ್ಷ, ಅಂದರೆ ನಮ್ಮ ಲೆಕ್ಕದಲ್ಲಿ ಒಂಬತ್ತು-ಹತ್ತನೆಯ ತರಗತಿ. ಸೈಕಲ್ ರೇಸಿನ ಗಂಧಗಾಳಿ ಇರಲಿಲ್ಲ. "ನಿನ್ನಿಂದ ನನ್ನನ್ನು ಸೋಲಿಸೋಕಾಗಲ್ಲ" ಎಂಬರ್ಥದಲ್ಲಿ ಒಬ್ಬ ಹುಡುಗ ಕೆಣಕಿದನಂತೆ. ಆ ಹಟಕ್ಕೆ ಸೈಕಲ್ ಏರಿದಳು. ನಮ್ಮಲ್ಲಿ ಹುಡುಗಿಯರು ಸೈಕಲ್ ಇಳಿಯುವ ವಯಸ್ಸಿದೆಯಲ್ಲ, ಸರಿಯಾಗಿ ಅದೇ ವಯಸ್ಸಿನಲ್ಲಿ ಆಕೆ ಹತ್ತಿದ್ದು!

ಮುಂದಿನದು ಬೇಗ ಬೇಗ ಹೇಳಿಬಿಡುತ್ತೇನೆ. ಐದೇ ವರ್ಷದಲ್ಲಿ, 2009ರಲ್ಲಿ, ಟ್ರ್ಯಾಕ್ ಸೈಕ್ಲಿಂಗ್‌ನ ತಂಡ ವಿಭಾಗದಲ್ಲಿ ವಿಶ್ವ ಚಾಂಪಿಯನ್. ಆಮೇಲೆ ರಸ್ತೆ ರೇಸ್ ಕಡೆ ಹೊರಳಿದಳು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸುರಿಯುವ ಮಳೆಯಲ್ಲಿ 140 ಕಿ.ಮೀ. ಓಡಿಸಿ ಬೆಳ್ಳಿ ಗೆದ್ದಳು. ಆ ಕ್ರೀಡಾಕೂಟದಲ್ಲಿ ಆತಿಥೇಯ ದೇಶಕ್ಕೆ ಸಿಕ್ಕ ಮೊದಲ ಪದಕ ಅದು. ಪದಕ ಕೊರಳಲ್ಲಿ ಇರುವಾಗಲೇ ಪತ್ರಕರ್ತರ ಮುಂದೆ ಕೂತು, ಕ್ರೀಡೆಯಲ್ಲಿ ಹೆಣ್ಣುಮಕ್ಕಳಿಗೆ ಆಗುವ ತಾರತಮ್ಯದ ಬಗ್ಗೆ ಮಾತನಾಡಿದಳು. 2014ರಲ್ಲಿ ಕಾಮನ್‌ವೆಲ್ತ್ ಚಿನ್ನ, 2015ರಲ್ಲಿ ಅಮೆರಿಕದ ರಿಚ್ಮಂಡ್‌ನಲ್ಲಿ ರಸ್ತೆ ರೇಸಿನ ವಿಶ್ವ ಚಾಂಪಿಯನ್ ಪಟ್ಟ.

ಕಪ್ಪು ಚುಕ್ಕೆ ಇಲ್ಲವೇ ಅಂದರೆ, ಇದೆ. ದೊಡ್ಡ ಕ್ರೀಡಾಪಟುಗಳು ದಿನಾ ಯಾವ ಹೊತ್ತಿಗೆ ಎಲ್ಲಿರುತ್ತೇವೆ ಎಂದು ಮೊದಲೇ ತಿಳಿಸಬೇಕು. ಉದ್ದೀಪನ ಮದ್ದಿನ ಪರೀಕ್ಷೆಗೆ ಹೇಳದೇ ಕೇಳದೇ ಬರುತ್ತಾರೆ. ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ ಶಿಕ್ಷೆ. ಲಿಜ್ಜಿಯ ಹೆಸರಿನಲ್ಲಿ ಮೂರು ಸಲ ದಾಖಲಾಗಿತ್ತು. ಅದರಲ್ಲಿ ಒಂದನ್ನು ಕ್ರೀಡಾ ನ್ಯಾಯಮಂಡಳಿ 2016ರಲ್ಲಿ ರದ್ದು ಮಾಡಿದ್ದರಿಂದ ಆಕೆ ರಿಯೊ ಒಲಿಂಪಿಕ್ಸ್‌ಗೆ ಹೋದಳು, ಐದನೆಯವಳಾದಳು. ಇದ್ದದ್ದನ್ನು ಇದ್ದಂತೆ ಹೇಳಬೇಕಲ್ಲ, ಅದಕ್ಕೇ ಬರೆದೆ.

ನನಗೆ ಮುಖ್ಯ ಅನಿಸಿದ್ದು ಇದರ ಮುಂದಿನ ಭಾಗ. 2016ರಲ್ಲಿ ಲಿಜ್ಜಿಯ ಮದುವೆಯಾಯಿತು. ಗಂಡ ಫಿಲಿಪ್ ಡೇಗ್ನನ್ ಐರ್ಲೆಂಡಿನವ, ಅವನೂ ವೃತ್ತಿಪರ ಸೈಕಲ್ ಪಟು. 2018ರಲ್ಲಿ ಆಕೆ ಗರ್ಭಿಣಿಯಾದಳು. ಸೈಕಲ್ ರೇಸಿನ ಜಗತ್ತಿನಲ್ಲಿ ಅಲ್ಲಿಯವರೆಗೆ ಗರ್ಭಿಣಿ ಅಂದರೆ ಆಟ ಮುಗಿಯಿತು ಅಂತಲೇ ಅರ್ಥ. ಅಲ್ಲೂ ಹಾಗೇ ಕಣ್ರೀ, ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಆದರೆ ಹೊಸದಾಗಿ ಶುರುವಾಗುತ್ತಿದ್ದ ಟ್ರೆಕ್ ತಂಡದವರು, ಆಕೆ ಬಸುರಿ ಎಂದು ಗೊತ್ತಿದ್ದೇ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಸೆಪ್ಟೆಂಬರ್‌ನಲ್ಲಿ ಮಗಳು ಹುಟ್ಟಿದಳು. ಆ ವರ್ಷದ ಕೊನೆಗೆ ಸ್ಪರ್ಧೆ ಬಿಟ್ಟದ್ದು ಯಾರು ಗೊತ್ತೇ? ಗಂಡ! ಮಗುವನ್ನು ಅವನು ನೋಡಿಕೊಂಡ, ಹೆಂಡತಿ ರೇಸಿಗೆ ಹೊರಟಳು. ಮಗುವಿಗೆ ಒಂಬತ್ತು ತಿಂಗಳಾಗುವ ಹೊತ್ತಿಗೆ, 2019ರ ಜೂನ್‌ನಲ್ಲಿ, ಬ್ರಿಟನ್ನಿನ ಆರು ದಿನಗಳ 'ವಿಮೆನ್ಸ್ ಟೂರ್' ರೇಸನ್ನು ಎರಡೇ ಎರಡು ಸೆಕೆಂಡುಗಳ ಅಂತರದಲ್ಲಿ ಗೆದ್ದಳು.

ಒಂದು ಮನೆ, ಒಂದು ತಂಡ ಹೂಂ ಅಂದದ್ದಕ್ಕೆ ಇದಾಯಿತು. ಎಲ್ಲರಿಗೂ ಹಾಗೆ ಅದೃಷ್ಟ ಇರುವುದಿಲ್ಲ, ಅದಕ್ಕೇ ನಿಯಮ ಬೇಕು. 2020ರಿಂದ ಜಾಗತಿಕ ಸೈಕ್ಲಿಂಗ್ ಒಕ್ಕೂಟ ಮೇಲಿನ ದರ್ಜೆಯ ಮಹಿಳಾ ತಂಡಗಳಿಗೆ ಕನಿಷ್ಠ ಸಂಬಳ ಮತ್ತು ಹೆರಿಗೆ ರಜೆ ಕಡ್ಡಾಯ ಮಾಡಿತು. ಮೂರು ತಿಂಗಳು ಪೂರ್ತಿ ಸಂಬಳ, ಮುಂದಿನ ಐದು ತಿಂಗಳು ಅರ್ಧ.

ಇನ್ನು 2021ರ ಅಕ್ಟೋಬರ್ 2ರ ಕಥೆ. ಫ್ರಾನ್ಸಿನಲ್ಲಿ ಪ್ಯಾರಿಸ್-ರೂಬೆ ಅಂತ ಒಂದು ರೇಸ್ ಇದೆ. ಗಂಡಸರು 1896ರಿಂದ ಓಡಿಸುತ್ತ ಬಂದದ್ದು. ಅದರ ದಾರಿಯೋ, ದೇವರೇ ಗತಿ! ಹೊಲಗಳ ನಡುವೆ ಒರಟು ಕಲ್ಲು ಹಾಸಿದ ಹಳೆಯ ಗಾಡಿದಾರಿ. ಹೆಂಗಸರಿಗೆ ಆ ರೇಸ್ ಶುರುವಾಗಲು ಬರೋಬ್ಬರಿ 125 ವರ್ಷ ಬೇಕಾಯಿತು. ಮೊದಲ ರೇಸು, 116 ಕಿ.ಮೀ. ದೂರ, ಮಳೆ ಬಿದ್ದು ಕೆಸರು. ತಂಡದ ಲೆಕ್ಕದಲ್ಲಿ ಆ ದಿನ ಗೆಲ್ಲಬೇಕಾದವಳು ಲಿಜ್ಜಿ ಅಲ್ಲವೇ ಅಲ್ಲ, ಜೊತೆಗಾರ್ತಿಯರಿಗೆ ದಾರಿ ಮಾಡಿಕೊಡುವುದು ಆಕೆಯ ಕೆಲಸ. ಕಲ್ಲುದಾರಿ ಶುರುವಾಗುವ ಮೊದಲು ಮುಂದೆ ಹೋದಳು, ಹಿಂತಿರುಗಿ ನೋಡಿದರೆ ಯಾರೂ ಇಲ್ಲ. 80 ಕಿ.ಮೀ.ಗೂ ಹೆಚ್ಚು, ಹೆಚ್ಚೂಕಡಿಮೆ ನಮ್ಮ ರಾಯಬಾಗದಿಂದ ಬೆಳಗಾವಿಯಷ್ಟು ದೂರ, ಒಬ್ಬಳೇ ಓಡಿಸಿ ಗೆದ್ದಳು. ಕೈಗೆ ಗ್ಲೌಸ್ ಇರಲಿಲ್ಲ. ಅಂಗೈ ಕಿತ್ತು ಹ್ಯಾಂಡಲ್ ಪಟ್ಟಿಗೆ ರಕ್ತ ಅಂಟಿದ್ದನ್ನು ಜಗತ್ತೇ ಚಿತ್ರದಲ್ಲಿ ನೋಡಿತು.

ಬಹುಮಾನ ಎಷ್ಟು ಗೊತ್ತೇ? 1,535 ಯೂರೊ, ಅಂದಿನ ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಲಕ್ಷ ಮೂವತ್ತು ಸಾವಿರ ರೂಪಾಯಿ. ಗಂಡಸರ ರೇಸ್ ಗೆದ್ದವನಿಗೆ 30,000 ಯೂರೊ, ಸುಮಾರು 25 ಲಕ್ಷ. ಕಲ್ಲಂತೂ ಇಬ್ಬರಿಗೂ ಅದೇ ಕಲ್ಲು! ಕೊರತೆಯ ಹಣವನ್ನು ಆಕೆಯ ತಂಡವೇ ತುಂಬಿಕೊಟ್ಟಿತು.

2022ರಲ್ಲಿ ಮಗ ಹುಟ್ಟಿದ. 2023ರಲ್ಲಿ ಮತ್ತೆ ಸೈಕಲ್ ಏರಿದಳು. 2024ರಲ್ಲಿ ಪ್ಯಾರಿಸ್‌ನಲ್ಲಿ ನಾಲ್ಕನೆಯ ಒಲಿಂಪಿಕ್ಸ್. ಮೂರನೆಯ ಬಾರಿ ಗರ್ಭಿಣಿಯಾದಾಗ, 2025ರ ಜುಲೈನಲ್ಲಿ, ಸಾಕು ಎಂದು ತಾನಾಗಿಯೇ ನಿವೃತ್ತಿ ಘೋಷಿಸಿದಳು. ಅಜ್ಜಿ ಅಂದರೆಂದು ಅಲ್ಲ, ಓಣಿಯವರು ನಕ್ಕರೆಂದೂ ಅಲ್ಲ.

"ಅದು ಇಂಗ್ಲೆಂಡವ್ವಾ, ನಮ್ಮ ರಾಯಬಾಗಕ್ಕ ಹೆಂಗ ಹೊಂದ್ತೈತಿ?" ಅಂತ ನೀವು ಕೇಳಬಹುದು. ಸರಿ, ಪೂರ್ವಕ್ಕೆ ತಿರುಗಿ ನೋಡಿ. ಜಮಖಂಡಿ ದಾಟಿದರೆ ವಿಜಯಪುರ, ಆಚೆ ಬಾಗಲಕೋಟೆ. ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ಕರ್ನಾಟಕಕ್ಕೆ ಪದಕ ತಂದ ಹುಡುಗಿಯರಲ್ಲಿ ಬಹಳಷ್ಟು ಮಂದಿ ಆ ಭಾಗದ ಒಕ್ಕಲುತನದ ಮನೆಗಳವರು. ಬಿಸಿಲು ನಮ್ಮದಕ್ಕಿಂತ ಜಾಸ್ತಿ, ರೊಟ್ಟಿ ಮಾತ್ರ ನಮ್ಮದೇ. ಇನ್ನೊಂದು ವಿಷಯ. ಎಂಟನೆಯ ತರಗತಿ ಹುಡುಗಿಯರಿಗೆ ಸರ್ಕಾರ ಉಚಿತ ಸೈಕಲ್ ಕೊಡಲು ಶುರುಮಾಡಿದ್ದು 2006-07ರಲ್ಲಿ. ಆ ಮೊದಲ ಸಾಲಿನ ಹುಡುಗಿಯರಿಗೆ ಈಗ ಮೂವತ್ತು ದಾಟಿದೆ. ಮಗಳು ಸೈಕಲ್ ಹೊಡೆಯಬೇಕೋ ಬೇಡವೋ ಎಂದು ಇವತ್ತು ತೀರ್ಮಾನ ಮಾಡುವ ಅವ್ವಂದಿರಲ್ಲಿ ಅವರೂ ಇದ್ದಾರೆ.

ಈಗ ಮನೆಯೊಳಗಿನ ಮಾತಿಗೆ ಬರೋಣ. ಮುಟ್ಟಿನಲ್ಲಿ ಸೈಕಲ್ ಹೊಡೆದರೆ ಗರ್ಭಕೋಶ ಜಾರುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎಂದು ಹೆದರಿಸುವವರು ಈಗಲೂ ಇದ್ದಾರೆ. ಇದಕ್ಕೆ ಆಧಾರವಿಲ್ಲ. ಹೊಟ್ಟೆನೋವು ವಿಪರೀತ ಇದ್ದ ದಿನ ಬಿಡಲಿ, ಇಲ್ಲದಿದ್ದರೆ ಹೊಡೆಯಲಿ. ಕನ್ಯತ್ವದ ಬಗ್ಗೆ ಪಿಸುಗುಟ್ಟುವವರಿಗೂ ನೀವೇ ಉತ್ತರ ಕೊಡಿ, ಮಗಳ ಮೇಲೆ ಬಿಡಬೇಡಿ. ನಿಜವಾಗಿ ಎಚ್ಚರ ಬೇಕಾದದ್ದು ಬೇರೆಯೇ ಇದೆ. ಹುಡುಗಿ ಜೋರಾಗಿ ತರಬೇತಿ ಮಾಡುತ್ತ, ಅದಕ್ಕೆ ತಕ್ಕಷ್ಟು ಉಣ್ಣದಿದ್ದರೆ ಮುಟ್ಟು ತಪ್ಪಬಹುದು, ಎಲುಬು ಸೊರಗುತ್ತದೆ. ಮೂರು ತಿಂಗಳು ಮುಟ್ಟು ನಿಂತರೆ "ಹೊಡೆತಕ್ಕ ಹಂಗಾಗತೈತಿ" ಅಂತ ಸುಮ್ಮನಿರಬೇಡಿ, ಡಾಕ್ಟರಿಗೆ ತೋರಿಸಿ. ಹಿಮೋಗ್ಲೋಬಿನ್ ಕೂಡ ಒಮ್ಮೆ ನೋಡಿಸಿ. ತಿನ್ನಲು ದುಬಾರಿ ಪುಡಿ ಡಬ್ಬಿ ಬೇಕಿಲ್ಲ. ರೊಟ್ಟಿ, ಮೊಳಕೆ ಕಾಳು, ಹಾಲು-ಮೊಸರು, ತಿನ್ನುವವರಾದರೆ ತತ್ತಿ, ಸಂಜೆ ಒಂದು ಶೇಂಗಾ ಉಂಡಿ. ಅಣ್ಣನ ತಾಟಿಗೆ ಬಿದ್ದಷ್ಟೇ ಆಕೆಯ ತಾಟಿಗೂ ಬೀಳಲಿ.

ಬಾಣಂತಿಯರಿಗೂ ಒಂದು ಮಾತು. ಲಿಜ್ಜಿಯ ಕಥೆ ಓದಿ ನಾಳೆಯೇ ಸೈಕಲ್ ಏರಬೇಡಿ! ಆಕೆಯ ಹಿಂದೆ ಡಾಕ್ಟರು, ತರಬೇತುದಾರರು ಇದ್ದರು. ಹೆರಿಗೆಯಾದ ಆರು ವಾರಕ್ಕೆ ತಪಾಸಣೆ ಮಾಡಿಸಿ, ಡಾಕ್ಟರು ಸರಿ ಅಂದ ಮೇಲೆ ನಡಿಗೆಯಿಂದ ಶುರುಮಾಡಿ. ಸಿಸೇರಿಯನ್ ಆದವರು ಇನ್ನೂ ನಿಧಾನ.

ಸೀಟಿನ ಎತ್ತರ ಸರಿಯಿಲ್ಲದಿದ್ದರೆ ಮೊಣಕಾಲು ನೋವು ಶುರುವಾಗುತ್ತದೆ. ಎಂಟನೆಯ ತರಗತಿಯಲ್ಲಿ ಇದ್ದ ಎತ್ತರ ಹತ್ತಕ್ಕೆ ಸಾಲದು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟರೆ ಕಾಲು ಹೆಚ್ಚೂಕಡಿಮೆ ನೇರ ಆಗಬೇಕು. ಪಾನಾ ಇದ್ದರೆ ಐದು ನಿಮಿಷದ ಕೆಲಸ. ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಸ್ತೆ ತುಂಬ ಇರುತ್ತವೆ, ಹಿಂದಿನ ದೀಪ ಎಷ್ಟಕ್ಕೋ ಇರುವುದಿಲ್ಲ. ಸೈಕಲ್ಲಿನ ಹಿಂದೆ, ಚಕ್ರದ ಕಡ್ಡಿಗೆ ರೇಡಿಯಂ ಅಂಟಿಸಿ, ತಲೆಗೆ ಹೆಲ್ಮೆಟ್ ಕೊಡಿಸಿ, ಕತ್ತಲಾಗುವ ಮುಂಚೆ ಮನೆಗೆ ಬರಲು ಹೇಳಿ.

ಮಗಳಿಗೆ ನಿಜವಾಗಿಯೂ ರೇಸಿನ ಆಸೆ ಇದೆಯೇ? ಮೊದಲು ಶಾಲೆಯ ದೈಹಿಕ ಶಿಕ್ಷಕರನ್ನು ಕಾಣಿ. ಬೆಳಗಾವಿಯಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿ ಇದೆ. ಸೈಕ್ಲಿಂಗ್ ಕ್ರೀಡಾ ವಸತಿ ನಿಲಯಕ್ಕೆ ಆಯ್ಕೆ ಯಾವಾಗ, ಎಷ್ಟು ವಯಸ್ಸಿನೊಳಗೆ ಎಂದು ಅಲ್ಲೇ ಕೇಳಿ. ರೇಸಿನ ಸೈಕಲ್ಲಿಗೆ ಬಹಳ ದುಡ್ಡು ಬೇಕು ನಿಜ, ಆದರೆ ಆಯ್ಕೆಯಾಗುವ ಮೊದಲೇ ಸಾಲ ಮಾಡಿ ಕೊಳ್ಳಬೇಡಿ. ಮಗಳನ್ನು ಬಿಟ್ಟುಬರುವ ಮುನ್ನ ನೀವೇ, ಅವ್ವ ಆದವಳೇ, ಹೋಗಿ ನೋಡಿ. ಅಪ್ಪನಿಗೆ ಕೇಳಲು ಹೊಳೆಯದ ಪ್ರಶ್ನೆಗಳು ಇರುತ್ತವೆ. ಹುಡುಗಿಯರ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ? ವಾರ್ಡನ್ ಹೆಂಗಸೇ, ರಾತ್ರಿ ಅಲ್ಲೇ ಇರುತ್ತಾರೆಯೇ? ಹೊರಗಿನ ಊರಿನ ರೇಸಿಗೆ ಹೋದಾಗ ಜೊತೆಗೆ ಯಾರು? ಮುಟ್ಟಾದರೆ ಯಾರಿಗೆ ಹೇಳಬೇಕು? ಮನೆಗೆ ಫೋನ್ ಮಾಡಲು ಯಾವ ಹೊತ್ತಿಗೆ ಬಿಡುತ್ತಾರೆ? ಸಂಕೋಚ ಬೇಡ, ಎಲ್ಲವನ್ನೂ ಮಗಳ ಎದುರಿಗೇ ಕೇಳಿ.